ಗುರುವಾರ ಆರರ ಸರದಿ

ಸೆಪ್ಟೆಂಬರ್ 12, ಗುರುವಾರ, ಸಂಜೆ 7.30

ಇವತ್ತೂ ಸೌನಾದ ಬಿಸಿ ಕೋಣೆಯಲ್ಲಿ ಒಬ್ಬಳೇ. ಒಲೆಯ ಕಲ್ಲು ಚೆನ್ನಾಗಿ ಕಾದಿತ್ತು, ಹೆಚ್ಚು ನೀರೆರಚುವ ಮನಸ್ಸಾಗಲಿಲ್ಲ. ಎರಡೇ ಸೌಟು ಹಾಕಿದೆ, ಎಂಟು ನಿಮಿಷಕ್ಕೆ ಎದ್ದೆ. ಮೆಟ್ಟಿಲಿಳಿದು ಕಡಲಲ್ಲಿ ಒಂದು ಮುಳುಗು — ಹನ್ನೊಂದು ಡಿಗ್ರಿ — ಮತ್ತೆ ಮೇಲೆ. ಕಿಟಕಿ ಪಕ್ಕದ ಮೂಲೆಯಲ್ಲಿ ಗೆಳತಿ ಔನೆ ಕೂರುವ ನಾರುಬಟ್ಟೆ ಹಾಸಿದ್ದೆ. ಯಾರಿಗೆಂದು ಕೇಳಬಾರದು. ಹದಿನಾರು ವರ್ಷದ ಅಭ್ಯಾಸ, ಕೈ ತಾನಾಗಿ ಹಾಸುತ್ತದೆ.

ಬಟ್ಟೆ ಹಾಕಿಕೊಂಡು ರಿಜಿಸ್ಟರ್ ತೆಗೆದೆ. ಗುರುವಾರ ಆರರಿಂದ ಏಳು. ಸರದಿದಾರರು: ಔನೆ ರಿಂತಾಲಾ. ಸಹಿಯ ಜಾಗ ಖಾಲಿ. ಆಗಸ್ಟ್ ಕೊನೆಯಲ್ಲಿ ಅವಳಿಗೆ ಪಾರ್ಶ್ವವಾಯು ಬಡಿದ ಮೇಲೆ ಇದು ಎರಡನೇ ಖಾಲಿ. ‘ಅತಿಥಿ’ ಎಂಬಲ್ಲಿ ನನ್ನ ಹೆಸರನ್ನು ನಾನೇ ಬರೆದುಕೊಂಡೆ. ಇಷ್ಟು ವರ್ಷ ಅದನ್ನು ಬರೆಯುತ್ತಿದ್ದವಳು ಔನೆ.

ಇಷ್ಟೇ ಆಗಿದ್ದರೆ ಸುಮ್ಮನೆ ಮನೆಗೆ ಬರುತ್ತಿದ್ದೆ. ಬಾಗಿಲ ಹೊರಗೆ ನಾಲ್ಕು ಪಿನ್ನು ಚುಚ್ಚಿ ಒಂದು ಬಣ್ಣದ ಕಾಗದ. ಪುರಸಭೆಯ ಸಂಸ್ಕೃತಿ ಮತ್ತು ವಿರಾಮ ಕಾರ್ಯದರ್ಶಿ ಯಾರ್ನೊನ ಕೆಲಸ. ‘ರಂತಕಾರಿಯಲ್ಲಿ ಒಂದು ದಿನ.’ ನಮ್ಮೂರು ನೋಡಲು ಬರುವ ಪ್ರವಾಸಿಗರಿಗೆ. ಹತ್ತಕ್ಕೆ ಚರ್ಚಿನಲ್ಲಿ ತೂಗುವ ಮಾದರಿ ಹಡಗು. ಹನ್ನೊಂದೂವರೆಗೆ, ಹಡಗುಗಳಿಗೆ ಬಂದರಿನ ದಾರಿ ತೋರಿಸುವ ಪೈಲಟ್‌ಗಳ ಮ್ಯೂಸಿಯಂ. ಒಂದಕ್ಕೆ ಸಾಲ್ಮನ್ ಸಾರು. ಮೂರಕ್ಕೆ ಹಗ್ಗ ಹೊಸೆಯುವ ಕೊಟ್ಟಿಗೆ. ಆರಕ್ಕೆ — ‘ಬಂದರಿನ ಸೌನಾ: ಸ್ಥಳೀಯರೊಂದಿಗೆ ನಿಜವಾದ ಮೌನ.’ ಅಕ್ಟೋಬರಿನಿಂದ, ಪ್ರತಿ ಗುರುವಾರ.

ಸ್ಥಳೀಯರು ಅಂದರೆ ಯಾರು? ಗುರುವಾರ ಆರಕ್ಕೆ ಆ ಬೆಂಚಿನ ಮೇಲೆ ಬೆತ್ತಲೆ ಕೂತಿರುವವರು ಔನೆ ಮತ್ತು ನಾನು. ಅಂದರೆ ಹತ್ತಕ್ಕೆ ಹಡಗು, ಆರಕ್ಕೆ ಇರ್ಯಾ! ಮೂವತ್ತಾರು ವರ್ಷ ಕಸ್ಟಮ್ಸ್‌ನಲ್ಲಿ ಕೂತು ಈ ಬಂದರಿಗೆ ಬಂದ ಸರಕನ್ನೆಲ್ಲ ಪಟ್ಟಿ ಮಾಡಿದವಳು ನಾನು. ಈಗ ನನ್ನನ್ನೇ ಪಟ್ಟಿಗೆ ಹಾಕಿದ್ದಾರೆ.

ಕಿತ್ತು ತಂದೆ. ಪಿನ್ನು ಅಲ್ಲೇ ಬಿಟ್ಟೆ, ಅವು ಪುರಸಭೆಯವು.

ಸೆಪ್ಟೆಂಬರ್ 13, ಬೆಳಿಗ್ಗೆ

ಸೌನಾ ಸಂಘದ ಅಧ್ಯಕ್ಷ ಉರ್ಪೊಗೆ ಫೋನ್ ಮಾಡಿದೆ. ಒಲೆಗೆ ಸೌದೆ ಹಾಕುವವನೂ ಅವನೇ, ಸಭೆಯಲ್ಲಿ ಸುತ್ತಿಗೆ ಬಡಿಯುವವನೂ ಅವನೇ. ನಾನು ಕಾರ್ಯದರ್ಶಿ, ತೊಂಬತ್ತನಾಲ್ಕರಿಂದ.

“ಏನಿದು ಉರ್ಪೊ? ನಮ್ಮ ಸರದೀನ ಪುರಸಭೆಗೆ ಯಾವಾಗ ಮಾರಿದೆ?”

“ಮಾರೋದೇನು ಬಂತು. ಕಾಯೋರ ಪಟ್ಟೀಲಿ ಮೊದಲನೇ ಹೆಸರು ಪುರಸಭೇದು. ಹೋದ ವರ್ಷವೇ ಬರೆಸಿದಾನೆ ಆ ಯಾರ್ನೊ ಪುಣ್ಯಾತ್ಮ. ಪಟ್ಟಿ ಬರೆಯೋಳು ನೀನೇ ಅಲ್ವಾ, ನೋಡ್ಕೋ.”

ನೋಡಿದೆ. ಬರೆದಿದೆ, ನನ್ನ ಅಕ್ಷರದಲ್ಲೇ. ಅವತ್ತು ಯಾರದೋ ಬುಧವಾರ ಖಾಲಿಯಾಗುತ್ತದೆಂದುಕೊಂಡು ಬರೆದಿದ್ದೆ.

“ಔನೆ ವಾಪಸ್ ಬರ್ತಾಳೆ” ಅಂದೆ.

“ಬರಲಿ. ಆದ್ರೆ ಏಳನೇ ನಿಯಮ ಇದೆಯಲ್ಲಮ್ಮ. ಸತತ ನಾಲ್ಕು ವಾರ ಸರದಿದಾರರು ಬಂದು ಸ್ವಂತ ಕೈಲಿ ಸಹಿ ಹಾಕದಿದ್ರೆ ಸರದಿ ಮುಂದಿನೋರಿಗೆ. ಎರಡು ಆಯ್ತು. ಇಪ್ಪತ್ತಾರಕ್ಕೆ ನಾಲ್ಕನೇದು.”

“ಅವಳ ಬಲಗೈ ಏಳೋದಿಲ್ಲ ಉರ್ಪೊ!”

“ಹಾಗಾದ್ರೆ ಎಂಟನೇ ನಿಯಮ. ಸರದಿದಾರರ ಜಾಗದಲ್ಲಿ ಅವಳೇ ನಿನ್ನ ಹೆಸರು ಬರೆದುಕೊಟ್ರೆ ಸರದಿ ನಿಂದು. ಎಡಗೈಲಾದ್ರೂ ಬರೀಲಿ.”

ನನಗೆ ಅವಳ ಸರದಿ ಬೇಕಿಲ್ಲ. ಅವಳ ಸರದಿ ಅವಳ ಹೆಸರಲ್ಲೇ ಇರಬೇಕು. ಹೆಸರು ತೆಗೆದರೆ ಅವಳು ಬರುವುದಿಲ್ಲವೆಂದು ನಾವೇ ತೀರ್ಮಾನಿಸಿದಂತೆ. ಇಷ್ಟು ಹೇಳಿ ಫೋನ್ ಇಟ್ಟೆ. ಆಮೇಲೆ ಎಡಗೈಯ ಮಾತು ಇನ್ನೊಮ್ಮೆ ಯೋಚಿಸಿದೆ. ಎಡಗೈಯಲ್ಲಿ ಅವಳದೇ ಹೆಸರು ಬರೆಯಬಹುದಲ್ಲ! ಯಾವ ಕೈ ಎಂದು ನಿಯಮದಲ್ಲಿ ಹೇಳಿಲ್ಲ.

ಸೆಪ್ಟೆಂಬರ್ 15, ಭಾನುವಾರ

ಔನೆ ಇರುವ ಆರೈಕೆ ಮನೆಗೆ ಹೋಗಿದ್ದೆ. ಏಲಕ್ಕಿ ಬನ್ನು ಒಯ್ದಿದ್ದೆ, ಒಳಗೆ ಬಿಡಲಿಲ್ಲ — ಗಂಟಲಿಗೆ ಸಿಕ್ಕೀತಂತೆ. ಔನೆ ಕಿಟಕಿಯ ಹತ್ತಿರ ಕೂತಿದ್ದಳು. ಕೂದಲನ್ನು ಯಾರೋ ತಪ್ಪು ಕಡೆಗೆ ಬಾಚಿದ್ದಾರೆ. ಸರಿ ಮಾಡಿದೆ.

“ನೋ ನೀನ್” ಅಂದಳು.

ನರ್ಸ್ ರೀಕ್ಕಾ ನನ್ನನ್ನು ಪಕ್ಕಕ್ಕೆ ಕರೆದು ಮರುಕದ ದನಿಯಲ್ಲಿ, “ಪಾಪ, ಅದೊಂದೇ ಮಾತು ಉಳಿದಿರೋದು ಅವರಿಗೆ” ಅಂದಳು.

ಒಂದೇ ಮಾತಂತೆ! ಈ ದೇಶದಲ್ಲಿ ಹುಟ್ಟಿದವಳು ಹೇಳುವ ಮಾತೇ ಇದು? ಬಂದೆಯಾ ಅನ್ನುವುದಕ್ಕೂ ನೋ ನೀನ್, ಸಾಕು ಹೊರಡು ಅನ್ನುವುದಕ್ಕೂ ನೋ ನೀನ್. ಕಾಫಿ ಕುದಿಯಿತು, ಹಡಗು ಬಂತು, ಇವನು ಮತ್ತೆ ಕುಡಿದು ಬಂದ — ಎಲ್ಲದಕ್ಕೂ ಅದೇ. ರಾಗ ಬದಲಾದರೆ ಅರ್ಥ ಬದಲು. ಇವತ್ತು ಔನೆ ಏಳು ಥರ ಅಂದಳು, ನಾನು ಎಣಿಸಿದೆ. ಒಂದನ್ನಂತೂ ರೀಕ್ಕಾ ಕಡೆ ಕಣ್ಣು ತಿರುಗಿಸಿ ಅಂದಳು. ಅದರ ಅರ್ಥ ಇಲ್ಲಿ ಬರೆಯುವಂಥದ್ದಲ್ಲ.

ಸೌನಾಗೆ ಕರೆದೊಯ್ಯಲು ಕೇಳಿದೆ. “ಆಗೋದೇ ಇಲ್ಲ, ಅಪಾಯ.” ಡಾಕ್ಟರು ಬೇಡ ಅಂದರಾ? ಇಲ್ಲ, ಸ್ವಲ್ಪ ಶಾಖ ಪರವಾಗಿಲ್ಲ ಅಂದಿದ್ದಾರೆ. ಹಾಗಾದರೆ? “ನಮ್ಮ ಫಾರ್ಮಿನಲ್ಲಿ ಹೊರಗಿನ ಸೌನಾ ಅನ್ನೋ ಕಾಲಂ ಇಲ್ಲ.” ಇಲ್ಲಿಯ ಸೌನಾಗಾದರೂ? ಬಾಗಿಲು ತೆರೆದು ತೋರಿಸಿದಳು. ಬೆಂಚಿನ ಮೇಲೆ ಮಡಚಿದ ಗಾಲಿಕುರ್ಚಿಗಳು, ಒಲೆಯ ಮೇಲೆ ಡಯಾಪರ್ ಡಬ್ಬಗಳು.

ಒಲೆಯ ಮೇಲೆ! ಸೈಕಲ್ ತುಳಿದುಕೊಂಡು ಮನೆ ಮುಟ್ಟುವ ತನಕ ಬೈಯುತ್ತಲೇ ಬಂದೆ.

ಸೆಪ್ಟೆಂಬರ್ 17

ಯಾರ್ನೊನ ಕಚೇರಿಗೆ ಹೋದೆ. ಮೂರು ದಿನ ಬೈಗುಳ ಸಿದ್ಧ ಮಾಡಿಕೊಂಡಿದ್ದೆ. ನಲವತ್ತು ದಾಟಿದ ಮನುಷ್ಯ, ಗಡ್ಡ, ಕೈಹೆಣಿಗೆಯ ಸ್ವೆಟರ್. ಹೊಸಬ, ಒಳನಾಡಿನವನು. ಬಂದರಿಗೆ ‘ಕಡಲ ದಂಡೆ’ ಅನ್ನುತ್ತಾನೆ.

“ನನ್ನನ್ನ ನೋಡೋಕೆ ಜನ ಬರ್ತಾರಾ? ನಾನೇನು ಮ್ಯೂಸಿಯಮ್ಮಾ?”

“ಅಯ್ಯೋ, ಹಾಗಲ್ಲ ಇರ್ಯಾ ಅವರೇ. ಹಡಗು, ಹಗ್ಗ ಎಲ್ಲ ಊರಲ್ಲೂ ಇದಾವೆ. ನಮ್ಮೂರಲ್ಲಿ ಇರೋದು ನೀವು.”

“ಔನೆ ಸರದಿಗೆ ಕಣ್ಣು ಹಾಕಿದೀರಿ.”

ಅವನ ಮುಖ ಇಳಿಯಿತು. ಅದು ಯಾರ ಸರದಿ, ಯಾಕೆ ಖಾಲಿಯಾಗುತ್ತಿದೆ, ಒಂದೂ ಅವನಿಗೆ ಗೊತ್ತಿರಲಿಲ್ಲ. ಉರ್ಪೊ ‘ಗುರುವಾರ ಸಿಗಬಹುದು’ ಅಂದಿದ್ದನಂತೆ, ಇವನು ಅಚ್ಚು ಹಾಕಿಸಿಬಿಟ್ಟ. “ಅವರು ಬಂದರೆ ನಾನು ಶುಕ್ರವಾರಕ್ಕೆ ಕಾಯ್ತೀನಿ. ಯೋಚನೆ ಮಾಡಬೇಡಿ” ಅಂದ. ಕಾಫಿ ಕೊಟ್ಟ. ಕಾಫಿ ಚೆನ್ನಾಗಿತ್ತು.

ಮನಸಾರೆ ಬೈಯಲೂ ಬಿಡದ ಮನುಷ್ಯ. ಇಂಥವರ ಮೇಲೆ ನನಗೆ ಇನ್ನೂ ಸಿಟ್ಟು.

ಸೆಪ್ಟೆಂಬರ್ 19, ಗುರುವಾರ, ಸಂಜೆ

ಮೂರನೇ ಖಾಲಿ.

ಔನೆಯ ಸಹಿ ನನಗೆ ಬರುತ್ತದೆ. ದೊಡ್ಡ ಅಕ್ಷರ, ಬಲಕ್ಕೆ ವಾಲಿದ್ದು, ಕೊನೆಯಲ್ಲಿ ಬಾಲ. ಪೆನ್ನು ಹಿಡಿದು ರಿಜಿಸ್ಟರ್ ಮುಂದೆ ಕೂತೆ. ಯಾರೂ ಇರಲಿಲ್ಲ. ಮೂವತ್ತಾರು ವರ್ಷ ಇನ್ನೊಬ್ಬರ ಸುಳ್ಳು ಸಹಿ ಹಿಡಿದ ಕೈ ಇದು. ಪೆನ್ನು ಕಾಗದಕ್ಕೆ ಮುಟ್ಟಿತು ಕೂಡ — ಒಂದು ಚುಕ್ಕೆ ಬಿತ್ತು.

ಸೌದೆ ಹೊತ್ತು ಉರ್ಪೊ ಒಳಗೆ ಬಂದ. ಚುಕ್ಕೆ ನೋಡಿದ. ಬಾಯಿ ಮುಚ್ಚಿಕೊಂಡಿರಬಹುದಿತ್ತು, ಉರ್ಪೊ ಅಲ್ಲವೇ.

“ಎಯ್ನಾರಿ ನಿಸ್ಕಾಗೆ ಈ ಯೋಚನೆ ಬರಲಿಲ್ಲ ನೋಡು, ಪಾಪ” ಅಂದ.

ಪೆನ್ನು ಮುಚ್ಚಿ ಮನೆಗೆ ಬಂದೆ.  

ಸೆಪ್ಟೆಂಬರ್ 20

ಹಳೆಯ ರಿಜಿಸ್ಟರ್‌ಗಳು ನನ್ನ ಬೀರುವಿನಲ್ಲೇ ಇವೆ. 2003 ತೆಗೆದೆ. ಗುರುವಾರ ಆರರಿಂದ ಏಳು, ಎಯ್ನಾರಿ ನಿಸ್ಕಾ, ನಿವೃತ್ತ ಪೈಲಟ್. ಖಾಲಿ, ಖಾಲಿ, ಖಾಲಿ, ಖಾಲಿ. ಕೆಳಗೆ ಕೆಂಪು ಶಾಯಿಯಲ್ಲಿ ‘ರದ್ದು, ನಿಯಮ 7.’ ಚೆಂದದ ಅಕ್ಷರ. ನನ್ನದು.

ಅವರು ಆಸ್ಪತ್ರೆಯಲ್ಲಿದ್ದರು. ಐದನೇ ವಾರ ಬಂದರು, ಕೈಯಲ್ಲಿ ಕೋಲು, ಭುಜದ ಮೇಲೆ ಟವೆಲ್. ಗೋಡೆಯ ಮೇಲಿನ ನಿಯಮವನ್ನು ನಾನು ಬೆರಳಿಟ್ಟು ತೋರಿಸಿದೆ. ಕನ್ನಡಕ ತಂದಿರಲಿಲ್ಲ, ಅದಕ್ಕೆ ಗಟ್ಟಿಯಾಗಿ ಓದಿಯೂ ಹೇಳಿದೆ. “ನೋ ನೀನ್” ಅಂದು ಟವೆಲನ್ನು ಇನ್ನೊಂದು ಭುಜಕ್ಕೆ ಹಾಕಿಕೊಂಡು ಹೋದರು. ಆ ಚಳಿಗಾಲ ದಾಟಲಿಲ್ಲ.

ಅವರ ಸರದಿ, ಕಾಯುವವರ ಪಟ್ಟಿಯಲ್ಲಿ ಮುಂದಿನ ಹೆಸರಿಗೆ ಹೋಯಿತು. ಮುಂದಿನ ಹೆಸರು ಔನೆ ರಿಂತಾಲಾ.

ಅವತ್ತು ನಾನು ಸರಿಯಾಗಿಯೇ ನಡೆದುಕೊಂಡೆ. ನಿಯಮದ ಪ್ರಕಾರ ಒಂದಿಂಚೂ ಆಚೀಚೆ ಇಲ್ಲ. ಅದಕ್ಕೇ ಮೈ ಉರಿಯುತ್ತಿರುವುದು. ಒಂದು ಸಣ್ಣ ತಪ್ಪಾದರೂ ಮಾಡಿದ್ದರೆ ಕ್ಷಮೆ ಕೇಳಬಹುದಿತ್ತು.

ಸೆಪ್ಟೆಂಬರ್ 23, ಸೋಮವಾರ

ಯಾರ್ನೊ ಫೋನ್ ಮಾಡಿದ.

“ಇರ್ಯಾ ಅವರೇ, ಒಂದು ದಾರಿ ಸಿಕ್ಕಿದೆ. ಆರೈಕೆ ಮನೆ ಫಾರ್ಮಿನಲ್ಲಿ ‘ಸಾಂಸ್ಕೃತಿಕ ತಾಣಗಳ ಭೇಟಿ’ ಅಂತ ಒಂದು ಕಾಲಂ ಇದೆ. ನಮ್ಮ ಬಂದರಿನ ಸೌನಾ ಈಗ ಪುರಸಭೆ ಪಟ್ಟಿ ಪ್ರಕಾರ ಸಾಂಸ್ಕೃತಿಕ ತಾಣ.”

“ಯಾರು ಮಾಡಿದ್ದು ಅದನ್ನ?”

“ನಾನೇ. ಹೋದ ತಿಂಗಳು.”

ಆದರೆ ಸೌನಾ ಒಂದಕ್ಕೇ ಫಾರ್ಮ್ ಕೊಡುವುದಿಲ್ಲ, ಇಡೀ ದಿನದ ಕಾರ್ಯಕ್ರಮ ಬೇಕು. ಗುರುವಾರ ಅವನ ಪರೀಕ್ಷಾ ಸುತ್ತು ಇದೆ. ಬೆಲ್ಜಿಯಂನ ಇಬ್ಬರು ಹೆಂಗಸರು ಬರುತ್ತಾರೆ, ಗಾಲಿಕುರ್ಚಿಯ ಟ್ಯಾಕ್ಸಿಯೂ ಇದೆ. ಔನೆ ಪ್ರವಾಸಿಯಾಗಿ, ನಾನು ಜೊತೆಗಾರ್ತಿಯಾಗಿ.

ಹುಟ್ಟಿದ ಊರಲ್ಲಿ ಔನೆ ಟೂರಿಸ್ಟ್! ಈ ಹಡಗುಕಟ್ಟೆಯ ಮೇಲೆ ನಲವತ್ತು ವರ್ಷ ಮೀನು ಸೀಳಿದವಳು! ಸಾಧ್ಯವೇ ಇಲ್ಲ ಅಂದೆ. ಫೋನ್ ಇಟ್ಟೆ. ಹತ್ತು ನಿಮಿಷ ಬಿಟ್ಟು ನಾನೇ ತಿರುಗಿ ಮಾಡಿದೆ.

ಸೆಪ್ಟೆಂಬರ್ 26, ಗುರುವಾರ, ಬೆಳಿಗ್ಗೆ 8

ಔನೆಯ ನಾರುಬಟ್ಟೆ ಇಸ್ತ್ರಿ ಮಾಡಿದೆ. ಎರಡು ಟವೆಲ್. ಉರ್ಪೊಗೆ ಐವತ್ತೈದು ಡಿಗ್ರಿಗಿಂತ ಒಂದು ಗುಂಜಿ ಹೆಚ್ಚಿಗೆ ಬೇಡ ಅಂದೆ. “ಅದು ಸೌನಾ ಅಲ್ಲ, ತಣ್ಣನೆ ಪ್ಯಾಂಟ್ರಿ” ಅಂದ. ಪ್ಯಾಂಟ್ರಿಯೇ ಸರಿ. ಹೊಸ ಪೆನ್ನು — ದಪ್ಪದ್ದು, ಎಡಗೈಗೆ ಹಿಡಿಯಲು ಸುಲಭ. ನಿನ್ನೆ ಭೇಟಿಯಲ್ಲಿ ಅವಳಿಂದ ಎರಡು ಪುಟ ಬರೆಸಿದೆ. ಔನೆ, ಔನೆ, ಔನೆ. ಏಡಿಕಾಲಿನಂತೆ ಬರುತ್ತದೆ, ಆದರೆ ಬರುತ್ತದೆ.

ಅದೇ ದಿನ, ಸಂಜೆ 8.15

ಆದದ್ದು ಆದ ಹಾಗೇ ಬರೆಯುತ್ತೇನೆ.

ಚರ್ಚು. ಸೂರಿನಿಂದ ತೂಗುವ ಹಡಗಿನ ಧೂಳು ಒರೆಸಿ ತಿರುಗಿ ಕಟ್ಟಿದ್ದಾರೆ, ಮೂತಿ ಬಾಗಿಲ ಕಡೆಗೆ! ನಮ್ಮೂರಲ್ಲಿ ಆ ಹಡಗು ಯಾವಾಗಲೂ ದೇವರ ಪೀಠದ ಕಡೆಗೇ ಸಾಗಬೇಕು. “ಫೋಟೋದಲ್ಲಿ ಮುಂಭಾಗ ಚೆನ್ನಾಗಿ ಬರಲಿ ಅಂತ…” ಅಂದ ಯಾರ್ನೊ. ಕಡಲಿಗೆ ಹೋದವರೆಲ್ಲ ಊರು ಬಿಟ್ಟು ಓಡಿಹೋದ ಹಾಗೆ ಕಾಣುತ್ತದೆ ಅಂದೆ. ಔನೆ ಮೇಲೆ ನೋಡಿ ನಕ್ಕಳು. ಅರ್ಧ ಮುಖದ ನಗು, ಸದ್ದು ಮಾತ್ರ ಪೂರ್ತಿ. ಚರ್ಚೆಲ್ಲ ಮೊಳಗಿತು. ನಾಲ್ಕು ವಾರದಲ್ಲಿ ಮೊದಲ ಸಲ ಅವಳ ನಗು ಕೇಳಿದ್ದು. ಹಡಗನ್ನು ನಾಳೆಯೇ ತಿರುಗಿಸುತ್ತಾನಂತೆ.

ಪೈಲಟ್ ಮ್ಯೂಸಿಯಂ. ಗೋಡೆಯ ಮೇಲೆ ಹಳೆಯ ಪೈಲಟ್‌ಗಳ ಫೋಟೋ. ಮೂರನೆಯದು ನಿಸ್ಕಾ. ಕಳೆದ ಬಾರಿ ಯಾವಾಗ ಬಂದಿದ್ದೆನೋ, ಕಣ್ಣಿಗೆ ಬಿದ್ದಿರಲಿಲ್ಲ. ಯಾರ್ನೊ ಕಾಗದ ನೋಡಿ ಓದಿದ, “ಎಯ್ನಾರಿ ನಿಸ್ಕಾ, ಮಂಜಿನಲ್ಲೂ ಇನ್ನೂರು ಹಡಗುಗಳನ್ನು ಬಂದರಿಗೆ ತಂದವರು.”

“ಕೊನೆಗೆ ಅವರನ್ನೇ ಬಾಗಿಲಿನಿಂದ ವಾಪಸ್ ಕಳಿಸಿದ್ದು ನಾನು” ಅಂದೆ. ಯಾಕೆ ಬಾಯಿಬಿಟ್ಟೆನೋ. ಬಿಟ್ಟ ಮೇಲೆ ನಿಲ್ಲಲಿಲ್ಲ. ಆಸ್ಪತ್ರೆ, ಟವೆಲ್, ಕೆಂಪು ಶಾಯಿ, ಎಲ್ಲ ಹೇಳಿದೆ. ಬೆಲ್ಜಿಯಂನವರಿಗೆ ಯಾರ್ನೊ ಅನುವಾದ ಮಾಡುತ್ತ ಮಾಡುತ್ತ ಕೈಲಿದ್ದ ಕಾಗದ ಮಡಚಿ ಜೇಬಿಗಿಟ್ಟ. ಔನೆಯ ಎಡಗೈ ನನ್ನ ತೋಳು ಹಿಡಿಯಿತು. “ನೋ ನೀನ್” ಅಂದಳು. ಮೆತ್ತಗೆ, ಮಗುವಿಗೆ ಅನ್ನುವ ರಾಗ. ಅವಳಿಗೆ ಗೊತ್ತಿತ್ತು. ಹದಿನಾರು ವರ್ಷ ಅವರ ಜಾಗದಲ್ಲಿ ಕೂತು ಒಂದು ದಿನವೂ ನನಗೆ ಚುಚ್ಚಿರಲಿಲ್ಲ.

ಸಾರು ಚೆನ್ನಾಗಿತ್ತು, ಸಬ್ಬಸಿಗೆ ಕಡಿಮೆ. ಹಗ್ಗದ ಕೊಟ್ಟಿಗೆಯಲ್ಲಿ ಔನೆ ನಿದ್ದೆ ಹೋದಳು.

ಆರು ಗಂಟೆ. ಬೆಲ್ಜಿಯಂನವರು ಈಜುಡುಗೆ ಹಾಕಿಕೊಂಡು ಬಂದರು. ಒಳಗೆ ಈಜುಡುಗೆ! ಕೈಸನ್ನೆಯಲ್ಲೇ ತಿಳಿಸಿದೆ. ಎತ್ತರದವಳು ತಕ್ಷಣ ತೆಗೆದಳು, ಗಿಡ್ಡನೆಯವಳು ಟವೆಲ್ ಸುತ್ತಿಕೊಂಡಳು, ಅಷ್ಟಕ್ಕೆ ಬಿಟ್ಟೆ. ಔನೆಗೆ ಕಿಟಕಿ ಪಕ್ಕ ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೆ ಅವಳ ಬಟ್ಟೆ. ನಾಲ್ಕು ವಾರಕ್ಕೇ ಎಷ್ಟು ಸಣ್ಣಗಾಗಿದ್ದಾಳೆ. ಅವಳು ನೀರಿನ ಗಡಿಗೆಯತ್ತ ಬೆರಳು ತೋರಿದಳು. ನಾನು ಸೌಟು ಎತ್ತುವಷ್ಟರಲ್ಲಿ ಎತ್ತರದವಳು ಎತ್ತಿ ಹುಯ್ದುಬಿಟ್ಟಳು, ಯಾರನ್ನೂ ಕೇಳದೆ! ಕಲ್ಲು ಭುಸುಗುಟ್ಟಿತು. ಬಿಸಿ ಹಬೆ ಮೆಲ್ಲಗೆ ಬಂದು ಹೆಗಲ ಮೇಲೆ ಕೂತಿತು. ಔನೆ ಕಣ್ಣು ಮುಚ್ಚಿದಳು. ಬಲಗಡೆಯ ತುಟಿಯೂ ಸ್ವಲ್ಪ ಸಡಿಲವಾಯಿತು, ಕಣ್ಣಾರೆ ಕಂಡೆ.

ಆಮೇಲೆ ಯಾರೂ ಮಾತಾಡಲಿಲ್ಲ. ಯಾರ್ನೊನ ಕಾಗದದಲ್ಲಿದ್ದ ಅದೇ ಮೌನ. ನಿಜವಾಗಿಯೂ ಬಂತು. ಅವನಿಗೆ ಹೇಳುವುದಿಲ್ಲ.

ಹೊರಗೆ ಮೇಜಿನ ಮೇಲೆ ರಿಜಿಸ್ಟರ್. ಉರ್ಪೊ ಟೋಪಿ ತೆಗೆದು ನಿಂತಿದ್ದ. ದಪ್ಪ ಪೆನ್ನನ್ನು ಅವಳ ಎಡಗೈಗೆ ಕೊಟ್ಟೆ, ಸರದಿದಾರರ ಜಾಗ ತೋರಿಸಿದೆ. ಬರೆದಳು. ಬಹಳ ಹೊತ್ತು. ನಾಲಿಗೆ ಹೊರಗೆ ಹಾಕಿಕೊಂಡು, ಒಂದೊಂದು ಗೆರೆ.

ಇರ್ಯಾ.

“ಇಲ್ಲಿ ನಿನ್ನ ಹೆಸರು ಔನೆ! ನಿನ್ನೆ ಬರೆದೆಯಲ್ಲ? ನಿನ್ನ ಹೆಸರು!” ಕೂಗಿಯೇ ಬಿಟ್ಟೆ.

“ಅತಿಥಿ ಕಾಲಂ ಅಂದ್ಕೊಂಡಿರ್ಬೇಕು. ಅಭ್ಯಾಸ. ಸಾಲು ತಪ್ಪಿದೆ” ಅಂದ ಉರ್ಪೊ.

ಔನೆ ತಲೆಯಾಡಿಸಿದಳು. ಇಲ್ಲವೆಂದು. ಪೆನ್ನಿನ ತುದಿಯನ್ನು ಗೋಡೆಯ ಕಡೆಗೆ ಚಾಚಿದಳು, ಎಂಟನೇ ನಿಯಮಕ್ಕೆ. ಆಮೇಲೆ ತೊಡೆಯ ಮೇಲಿದ್ದ ನಾರುಬಟ್ಟೆಯನ್ನು ನನ್ನ ಕೈಗಿಟ್ಟಳು.

ನಾನು ಕೇಳಿದ್ದೆನೇ? ನಾಲ್ಕು ವಾರ ಊರೆಲ್ಲರ ಜೊತೆ ಜಗಳವಾಡಿದ್ದು ಇದಕ್ಕೇ? ಅವಳು ಸೋಲಲಿ ಎಂದೇ? ಟ್ಯಾಕ್ಸಿಯಲ್ಲಿ ಅವಳ ಮುಖ ನೋಡಲಿಲ್ಲ. ಆರೈಕೆ ಮನೆಯ ಬಾಗಿಲಲ್ಲಿ ಏನೋ ಅಂದಳು, ನಿಂತು ಕೇಳಲಿಲ್ಲ.

ಅಕ್ಟೋಬರ್ 3, ಗುರುವಾರ

ಹೋಗಲಿಲ್ಲ.

ಅಕ್ಟೋಬರ್ 10

ಹೋಗಲಿಲ್ಲ. ಉರ್ಪೊ ಫೋನ್ ಮಾಡಿದ, ಎತ್ತಲಿಲ್ಲ.

ಅಕ್ಟೋಬರ್ 24, ಗುರುವಾರ, ಮಧ್ಯಾಹ್ನ

ಉರ್ಪೊ ಬಾಗಿಲಿಗೇ ಬಂದ. “ಮೂರು ಖಾಲಿ ಆಯ್ತು ಕಣೇ. ಇವತ್ತು ನಾಲ್ಕನೇದು. ನಿನ್ನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಬರೆಯೋ ಕೆಲಸ ನನಗೆ ಹಚ್ಚಬೇಡ. ನನ್ನ ಅಕ್ಷರ ಚೆನ್ನಾಗಿಲ್ಲ.”

ಅವನ ಮೇಲೆ ಕೂಗಾಡಿ ಸೈಕಲ್ ಹತ್ತಿ ಔನೆಯ ಹತ್ತಿರ ಹೋದೆ. ನಾಲ್ಕು ವಾರದಿಂದ ಹೋಗಿರಲಿಲ್ಲ. ಬರೆಯಲು ನಾಚಿಕೆ. ಮಲಗಿದ್ದಳು, ಈಗ ಕುರ್ಚಿಗೂ ಇಳಿಸುವುದಿಲ್ಲ. ಬೈಯಬೇಕೆಂದೇ ಹೋದದ್ದು. “ಯಾಕೆ ಕೊಟ್ಟೆ? ಬೇಡ ಅಂತ ಗೊತ್ತಿದ್ದೂ ಯಾಕೆ ಕೊಟ್ಟೆ?” ಅಂದೆ. ಅತ್ತೂ ಬಿಟ್ಟೆ.

ಅವಳು ಗೋಡೆಯ ಗಡಿಯಾರ ನೋಡಿದಳು. ಆಮೇಲೆ ನನ್ನನ್ನು.

“ನೋ ನೀನ್.”

ಆ ರಾಗ ನನಗೆ ಗೊತ್ತು. ಹದಿನಾರು ವರ್ಷ ಪ್ರತಿ ಗುರುವಾರ ಐದೂವರೆಗೆ ನನ್ನ ಮೆಟ್ಟಿಲ ಕೆಳಗೆ ನಿಂತು ಕೂಗುತ್ತಿದ್ದ ರಾಗ. ಏಳು, ಹೊತ್ತಾಯಿತು, ಕಲ್ಲು ಕಾದಿದೆ.

ಮನೆಗೆ ಬಂದು ಏಳನೇ ನಿಯಮ ತಿದ್ದಬೇಕೆಂದು ಅರ್ಜಿ ಟೈಪ್ ಮಾಡಿದೆ. ಕಾಯಿಲೆಯವರ ವಾರ ಲೆಕ್ಕಕ್ಕಿಲ್ಲ. ಸಭೆ ಮುಂದಿನ ತಿಂಗಳು. ಹದಿನಾರು ವರ್ಷ ತಡ.

ಸಂಜೆ 5.50, ಬಂದರಿನ ಸೌನಾ

ಡೈರಿ ಚೀಲದಲ್ಲೇ ಇತ್ತು. ರಿಜಿಸ್ಟರ್ ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಕಡಲು ಆರು ಡಿಗ್ರಿ. ಕಿಟಕಿ ಪಕ್ಕ ನಾರುಬಟ್ಟೆ ಹಾಸಿ ಬಂದೆ.

ಸರದಿದಾರರು: ಇರ್ಯಾ. ಸಹಿ ಹಾಕಿದೆ. ಚುಕ್ಕೆ ಬೀಳಲಿಲ್ಲ.

ಅತಿಥಿ ಕಾಲಂ ಉಳಿದಿದೆ. ಅದನ್ನು ಸರದಿದಾರರೇ ಬರೆಯುವುದು. ಅತಿಥಿ ಖುದ್ದಾಗಿ ಹಾಜರಿರಬೇಕೆಂದು ಏಳರಲ್ಲೂ ಇಲ್ಲ, ಎಂಟರಲ್ಲೂ ಇಲ್ಲ. ಟೈಪ್ ಮಾಡಿದವಳು ನಾನು, ನನಗೆ ಗೊತ್ತಿಲ್ಲವೇ. ಯಾರಾದರೂ ಬಂದು ಕೇಳಲಿ, ಬೆರಳಿಟ್ಟು ತೋರಿಸುತ್ತೇನೆ.

ಬರೆದೆ. ಔನೆ ರಿಂತಾಲಾ. ದೊಡ್ಡ ಅಕ್ಷರದಲ್ಲಿ, ಕೊನೆಗೊಂದು ಬಾಲ ಎಳೆದು.

ಉರ್ಪೊ ಒಳಗಿನಿಂದ ಕೂಗುತ್ತಿದ್ದಾನೆ, ಕಲ್ಲು ಕಾದಿದೆಯಂತೆ. ಆರಾಯಿತು. ನೋ ನೀನ್.